ಕಾಲಾ-ಅಜಾರ್: ಅಂಕಿ ಇಳಿದರೆ ರೋಗ ಅಳಿಯಿತೇ?

ಒಂದು ಮಾರಕ ರೋಗ ಉಪಖಂಡದಿಂದ ಕಾಲ್ತೆಗೆಯುತ್ತಿದೆ ಎಂಬುದು ನಿಸ್ಸಂದೇಹವಾಗಿ ಸಂತೋಷದ ಸುದ್ದಿ. 2023ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಕಾಲಾ-ಅಜಾರ್ ರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿರ್ಮೂಲನೆ ಮಾಡಿದ ಜಗತ್ತಿನ ಮೊದಲ ದೇಶವೆಂದು ಬಾಂಗ್ಲಾದೇಶಕ್ಕೆ ಮಾನ್ಯತೆ ನೀಡಿತು. ಅದೇ ವರ್ಷದ ಕೊನೆಯ ಹೊತ್ತಿಗೆ ಭಾರತವೂ ರೋಗಪೀಡಿತ ಬ್ಲಾಕ್‌ಗಳೆಲ್ಲದರಲ್ಲಿ ನಿಗದಿತ ಗುರಿಯನ್ನು ಮುಟ್ಟಿತು. 1992ರಲ್ಲಿ ನಮ್ಮ ದೇಶದಲ್ಲಿ 77 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿ, 1,400ಕ್ಕೂ ಹೆಚ್ಚು ಮಂದಿ ಸತ್ತಿದ್ದರು. 2007ರಲ್ಲಿ ಕೂಡ ಪ್ರಕರಣಗಳ ಸಂಖ್ಯೆ 44 ಸಾವಿರ ದಾಟಿತ್ತು. 2023ರಲ್ಲಿ ಅದು ಆರುನೂರಕ್ಕಿಂತ ಕೆಳಗಿಳಿಯಿತು. ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ ಇಂತಹ ಇಳಿಮುಖ ರೇಖೆಗಳು ವಿರಳ.

ಆದರೆ ವೈದ್ಯನಾಗಿ ಈ ಅಂಕಿಗಳನ್ನು ನೋಡುವಾಗ ನನ್ನಲ್ಲಿ ಸಮಾಧಾನದ ಜೊತೆಗೆ ಒಂದು ಅಳುಕೂ ಹುಟ್ಟುತ್ತದೆ. ಇದೇ ರೋಗ ಈ ಹಿಂದೆಯೂ ಒಮ್ಮೆ ನಮ್ಮ ಕಣ್ಣಿನಿಂದ ಮರೆಯಾಗಿತ್ತು. ನಾವು ಅದನ್ನು ಮರೆತೆವು. ಅದು ನಮ್ಮನ್ನು ಮರೆಯಲಿಲ್ಲ. ಈಗ ನಾವು ಎದುರಿಸುತ್ತಿರುವ ಪ್ರಶ್ನೆ, ಅಂಕಿ ಇಳಿಯಿತೇ ಎಂಬುದಲ್ಲ. ಇಳಿದ ಅಂಕಿಯನ್ನು ಇಳಿದಲ್ಲೇ ಉಳಿಸಿಕೊಳ್ಳುವ ವ್ಯವಸ್ಥೆ ಮತ್ತು ವ್ಯವಧಾನ ನಮ್ಮಲ್ಲಿದೆಯೇ ಎಂಬುದು.

ಕರ್ನಾಟಕದ ಓದುಗರಿಗೆ ಈ ರೋಗದ ಪರಿಚಯ ಕಡಿಮೆ. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಮತ್ತು ಪೂರ್ವ ಉತ್ತರ ಪ್ರದೇಶದ ಜಿಲ್ಲೆಗಳು ಇದರ ನೆಲೆ. ಅದರಲ್ಲೂ ಗಂಗೆಯ ಉತ್ತರಕ್ಕಿರುವ ಬಿಹಾರದ ಜಿಲ್ಲೆಗಳದು ಸಿಂಹಪಾಲು. ರೋಗಕಾರಕವು ಲೀಶ್ಮೇನಿಯಾ ಡೊನೊವಾನಿ ಎಂಬ ಏಕಕೋಶ ಪರೋಪಜೀವಿ. ಅದನ್ನು ಮನುಷ್ಯನಿಂದ ಮನುಷ್ಯನಿಗೆ ದಾಟಿಸುವುದು ಮರಳು ನೊಣ. ಸೊಳ್ಳೆಗಿಂತ ಎಷ್ಟೋ ಚಿಕ್ಕದಾದ, ಸಾಧಾರಣ ಸೊಳ್ಳೆಪರದೆಯ ಕಿಂಡಿಗಳಲ್ಲಿ ನುಸುಳಬಲ್ಲ ಈ ಕೀಟಕ್ಕೆ ಹೆಚ್ಚು ಎತ್ತರ ಹಾರುವ ಶಕ್ತಿಯಿಲ್ಲ. ತೇವವಿರುವ ಮಣ್ಣು, ಕೊಳೆತ ಸೊಪ್ಪುಸದೆ, ಸೆಗಣಿ, ಮಣ್ಣಿನ ಗೋಡೆಯ ಬಿರುಕು, ಇವು ಅದರ ಸಂತಾನದ ತೊಟ್ಟಿಲು. ದನದ ಕೊಟ್ಟಿಗೆಯ ಪಕ್ಕದಲ್ಲೇ, ಮಣ್ಣಿನ ಮನೆಯ ನೆಲದ ಮೇಲೆ ಮಲಗುವವರು ಅದಕ್ಕೆ ಸುಲಭದ ತುತ್ತು. ಆಫ್ರಿಕಾ ಮತ್ತು ಮೆಡಿಟರೇನಿಯನ್ ಸೀಮೆಯ ಕೆಲವೆಡೆ ನಾಯಿ ಮುಂತಾದ ಪ್ರಾಣಿಗಳಲ್ಲೂ ಲೀಶ್ಮೇನಿಯಾ ಪರೋಪಜೀವಿಗಳು ನೆಲೆಸುತ್ತವೆ. ಭಾರತದಲ್ಲಿ ಮಾತ್ರ ಈ ರೋಗದ ಭಂಡಾರ ಮನುಷ್ಯನೇ. ಇದನ್ನು ಹತ್ತಿಕ್ಕಲು ಸಾಧ್ಯವಿದೆ ಎಂಬ ವಿಶ್ವಾಸದ ಮೂಲವೂ ಇಲ್ಲಿಯೇ ಇದೆ.

ರೋಗದ ನಡೆ ನಿಧಾನದ್ದು. ಕೀಟ ಕಚ್ಚಿದ ಎರಡರಿಂದ ಆರು ತಿಂಗಳ ಬಳಿಕ ಸಾಮಾನ್ಯವಾಗಿ ಜ್ವರ ಕಾಣಿಸಿಕೊಳ್ಳುತ್ತದೆ. ಮಲೇರಿಯಾದಂತೆ ಹೊಡೆದು ಮಲಗಿಸುವ ಜ್ವರ ಇದಲ್ಲ. ಮೊದಮೊದಲು ರೋಗಿ ಓಡಾಡಿಕೊಂಡೇ ಇರುತ್ತಾನೆ. ಎಷ್ಟೋ ಬಾರಿ ಹಸಿವೂ ಇರುತ್ತದೆ. ವಾರಗಳು ಉರುಳಿದಂತೆ ಮೈ ಕರಗುತ್ತದೆ, ಕೈಕಾಲು ಕಡ್ಡಿಯಾಗುತ್ತವೆ, ಹೊಟ್ಟೆ ಮಾತ್ರ ಮುಂದಕ್ಕೆ ಬರುತ್ತದೆ. ಎಡಗಡೆಯ ಪಕ್ಕೆಲುಬಿನ ಅಡಿಯಲ್ಲಿ ಅಡಗಿರಬೇಕಾದ ಗುಲ್ಮವು ಬೆಳೆದು ಬೆಳೆದು ಹೊಕ್ಕುಳನ್ನು ಮುಟ್ಟುತ್ತದೆ, ಕೆಲವರಲ್ಲಿ ಅದನ್ನೂ ದಾಟುತ್ತದೆ. ಪರೋಪಜೀವಿಯು ಗುಲ್ಮ, ಯಕೃತ್ತು ಮತ್ತು ಮೂಳೆಮಜ್ಜೆಯ ರಕ್ಷಕ ಕೋಶಗಳೊಳಗೇ ಮನೆ ಮಾಡಿಕೊಳ್ಳುವುದರಿಂದ ರಕ್ತದ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕುಸಿಯುತ್ತವೆ. ಮೈಬಣ್ಣ ಕಪ್ಪಿಡುತ್ತದೆ, ‘ಕಾಲಾ-ಅಜಾರ್’ ಅಂದರೆ ಕಪ್ಪು ಕಾಯಿಲೆ ಎಂಬ ಹೆಸರು ಬಂದದ್ದು ಇದರಿಂದ. ಚಿಕಿತ್ಸೆ ಸಿಗದವರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಎರಡು ವರ್ಷಗಳೊಳಗೆ ಸಾಯುತ್ತಾರೆ. ಆದರೆ ಅನೇಕ ವೇಳೆ ಸಾವಿನ ಕಾರಣವೆಂದು ಬರೆಯುವುದು ನ್ಯುಮೋನಿಯಾ, ಭೇದಿ, ಕ್ಷಯ ಅಥವಾ ರಕ್ತಸ್ರಾವವನ್ನು. ರಕ್ಷಣೆಯ ಕೋಟೆಯನ್ನು ಕೆಡವಿದ ಮೂಲ ಅಪರಾಧಿ ತೆರೆಮರೆಯಲ್ಲೇ ಉಳಿದುಬಿಡುತ್ತದೆ.

ಈ ರೋಗವನ್ನು ಗುರುತಿಸುವುದರಲ್ಲಿ ಎಡವಿದವರ ಪಟ್ಟಿ ದೊಡ್ಡದು, ಗೌರವಾನ್ವಿತವೂ ಹೌದು. ಮಲೇರಿಯಾ ಹರಡುವ ಬಗೆಯನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಅವರೇ 1899ರಲ್ಲಿ ಅಸ್ಸಾಮಿನ ಕಾಲಾ-ಅಜಾರ್ ಅನ್ನು ಮಲೇರಿಯಾದ ಉಲ್ಬಣಿಸಿದ ರೂಪವೆಂದು ಭಾವಿಸಿದ್ದರು. ಕಲ್ಕತ್ತೆಯ ಡಮ್‌ಡಮ್‌ನಲ್ಲಿ ಇದ್ದು ಇಂಗ್ಲೆಂಡಿಗೆ ಮರಳಿ ಸತ್ತ ಸೈನಿಕನೊಬ್ಬನ ಗುಲ್ಮದಲ್ಲಿ ವಿಲಿಯಂ ಲೀಶ್ಮನ್ ಕಂಡ ಸೂಕ್ಷ್ಮ ಕಾಯಗಳನ್ನೇ, ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಾರ್ಲ್ಸ್ ಡೊನೊವನ್ ಕೂಡ ರೋಗಿಗಳಲ್ಲಿ ಕಂಡರು. ಇಬ್ಬರ ಶೋಧವೂ 1903ರಲ್ಲಿ ಪ್ರಕಟವಾಯಿತು. ಇದು ಬೇರೆಯೇ ಜೀವಿ ಎಂಬುದನ್ನು ಒಪ್ಪಿಕೊಂಡು, ಇಬ್ಬರ ಹೆಸರನ್ನೂ ಜೋಡಿಸಿ ಅದಕ್ಕೆ ನಾಮಕರಣ ಮಾಡಿದವರು ರಾಸ್. ಮರಳು ನೊಣವೇ ರೋಗವಾಹಕ ಎಂಬುದು ನಿರ್ವಿವಾದವಾಗಿ ಸಾಬೀತಾಗಲು ಮತ್ತೆ ನಾಲ್ಕು ದಶಕ ಬೇಕಾಯಿತು. 1942ರಲ್ಲಿ ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ ಅವರು ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗ ಆ ಚರ್ಚೆಗೆ ತೆರೆ ಎಳೆಯಿತು.

ಚಿಕಿತ್ಸೆಯ ಇತಿಹಾಸದಲ್ಲಿ ಭಾರತ ಹೆಮ್ಮೆಪಡಬೇಕಾದ ಹೆಸರೊಂದಿದೆ. ಕಲ್ಕತ್ತೆಯ ಕ್ಯಾಂಪ್‌ಬೆಲ್ ಆಸ್ಪತ್ರೆಯ ಚಿಕ್ಕ ಕೋಣೆಯೊಂದರಲ್ಲಿ, ಸೌಕರ್ಯಗಳಿಲ್ಲದೆ ದುಡಿದ ಉಪೇಂದ್ರನಾಥ ಬ್ರಹ್ಮಚಾರಿ ಅವರು ಆಂಟಿಮನಿ ಲೋಹದಿಂದ ಯೂರಿಯಾ ಸ್ಟಿಬಮೈನ್ ಎಂಬ ಔಷಧವನ್ನು ತಯಾರಿಸಿದರು. 1920ರ ದಶಕದಲ್ಲಿ ಅದು ಅಸ್ಸಾಂ ಮತ್ತು ಬಂಗಾಳದ ಅಸಂಖ್ಯ ಜೀವಗಳನ್ನು ಉಳಿಸಿತು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಸೂಚಿತವಾಗಿತ್ತು, ಪ್ರಶಸ್ತಿ ಬರಲಿಲ್ಲ. ಅವರೇ 1922ರಲ್ಲಿ ಇನ್ನೊಂದು ಮಹತ್ವದ ಸಂಗತಿಯನ್ನು ದಾಖಲಿಸಿದರು: ಕಾಲಾ-ಅಜಾರ್‌ನಿಂದ ಗುಣವಾದ ಕೆಲವರ ಚರ್ಮದ ಮೇಲೆ ಆಮೇಲೆ ಮಚ್ಚೆಗಳು, ಗಂಟುಗಳು ಏಳುತ್ತವೆ, ಅವುಗಳಲ್ಲಿ ಅದೇ ಪರೋಪಜೀವಿ ಇರುತ್ತದೆ. ಒಂದು ಶತಮಾನದ ನಂತರ ನಮ್ಮ ನಿರ್ಮೂಲನಾ ಕಾರ್ಯಕ್ರಮದ ಹಣೆಬರಹ ಇದೇ ಮಚ್ಚೆಗಳ ಮೇಲೆ ನಿಂತಿದೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಅದಕ್ಕೂ ಮೊದಲು ಇತಿಹಾಸದ ಒಂದು ಪಾಠ. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಮನೆಮನೆಗೆ ಡಿಡಿಟಿ ಸಿಂಪಡಿಸಲಾಯಿತು. ಗುರಿ ಸೊಳ್ಳೆಯಾಗಿದ್ದರೂ ಅದೇ ಗೋಡೆಯ ಮೇಲೆ ಕೂರುತ್ತಿದ್ದ ಮರಳು ನೊಣವೂ ಸತ್ತಿತು. 1960ರ ದಶಕದಲ್ಲಿ ಕಾಲಾ-ಅಜಾರ್ ಬಹುತೇಕ ಕಾಣದಂತಾಯಿತು. ಅದು ಪಠ್ಯಪುಸ್ತಕಕ್ಕಷ್ಟೇ ಸೀಮಿತವಾದ ರೋಗವೆಂದು ವೈದ್ಯರು ಎಣಿಸಿದರು. ಔಷಧಕ್ಕೆ ಬೇಡಿಕೆ ಕುಗ್ಗಿತು. ರೋಗವನ್ನು ಕಂಡು ಬಲ್ಲ ತಲೆಮಾರು ನಿವೃತ್ತವಾಯಿತು. ಮಲೇರಿಯಾ ಇಳಿದಲ್ಲಿ ಸಿಂಪಡಣೆ ನಿಂತಿತು. ಮರಳು ನೊಣ ಮರಳಿತು. ಉಳಿದಿದ್ದ ಬೆರಳೆಣಿಕೆಯ ರೋಗಿಗಳಿಂದಲೇ ಪರೋಪಜೀವಿಯನ್ನು ಹೊತ್ತು ತಂದಿತು. 1977ರ ಹೊತ್ತಿಗೆ ಮುಜಫ್ಫರಪುರ, ವೈಶಾಲಿ, ಸಮಸ್ತಿಪುರ, ಸೀತಾಮಢಿ ಜಿಲ್ಲೆಗಳಲ್ಲಿ ರೋಗ ಸಾಂಕ್ರಾಮಿಕವಾಗಿ ಭುಗಿಲೆದ್ದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ರೋಗ ಮಾಯವಾದ ಹದಿನೈದು ವರ್ಷಗಳೊಳಗೆ ನಡೆದ ಮಾತು ಇದು.

ಮರಳಿ ಬಂದ ರೋಗ ಮೊದಲಿನಷ್ಟು ಸಾಧುವಾಗಿರಲಿಲ್ಲ. ಆಂಟಿಮನಿ ಚುಚ್ಚುಮದ್ದಿನ ಪ್ರಮಾಣವನ್ನು, ದಿನಗಳನ್ನು ಏರಿಸುತ್ತ ಹೋದರೂ 1990ರ ದಶಕದ ವೇಳೆಗೆ ಉತ್ತರ ಬಿಹಾರದ ಕೆಲವೆಡೆ ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ ಅದು ಫಲ ಕೊಡದಾಯಿತು. ಅರ್ಹತೆಯಿಲ್ಲದವರು ಬೇಕಾಬಿಟ್ಟಿಯಾಗಿ ಅರೆಬರೆ ಪ್ರಮಾಣದಲ್ಲಿ ಚುಚ್ಚಿದ್ದು ಇದಕ್ಕೆ ಒಂದು ಕಾರಣ. ಗಂಗಾ ಬಯಲಿನ ಅಂತರ್ಜಲದಲ್ಲಿರುವ ಆರ್ಸೆನಿಕ್ ಕೂಡ, ರಾಸಾಯನಿಕವಾಗಿ ಆಂಟಿಮನಿಯ ಸೋದರನಾದ್ದರಿಂದ, ಪರೋಪಜೀವಿಗೆ ಈ ನಿರೋಧವನ್ನು ಕಲಿಸಿರಬಹುದೆಂದು ಕೆಲವು ವಿಜ್ಞಾನಿಗಳು ವಾದಿಸಿದ್ದಾರೆ. ಬಡವರ ರೋಗಕ್ಕೂ ಬಡವರ ಕುಡಿಯುವ ನೀರಿಗೂ ಇಂತಹ ನಂಟಿರಬಹುದಾದ ಸಾಧ್ಯತೆಯೇ ಯೋಚನೆಗೆ ಹಚ್ಚುವಂಥದು.

ಆಂಟಿಮನಿ ಸೋತ ಮೇಲೆ ಆಂಫೊಟೆರಿಸಿನ್-ಬಿ ಬಂತು. ಪರಿಣಾಮಕಾರಿಯಾದರೂ ತಿಂಗಳುಗಟ್ಟಲೆ ಆಸ್ಪತ್ರೆ ವಾಸ, ನಡುಕ, ಜ್ವರ, ಮೂತ್ರಪಿಂಡಕ್ಕೆ ಪೆಟ್ಟು, ಇವು ಅದರ ಬೆಲೆ. ಕ್ಯಾನ್ಸರ್‌ಗೆಂದು ರೂಪಿಸಿದ್ದ ಮಿಲ್ಟೆಫೊಸಿನ್ ಎಂಬ ಔಷಧ 2002ರಲ್ಲಿ ಭಾರತದಲ್ಲಿ ಈ ರೋಗದ ಮೊದಲ ಗುಳಿಗೆಯಾಗಿ ಮಾನ್ಯತೆ ಪಡೆಯಿತು. ಇಪ್ಪತ್ತೆಂಟು ದಿನ ನುಂಗಬೇಕಾದ ಆ ಗುಳಿಗೆ ವಾಂತಿ ತರಿಸುತ್ತದೆ; ಭ್ರೂಣಕ್ಕೆ ಹಾನಿ ಮಾಡುವ ಅಪಾಯವಿರುವುದರಿಂದ ಹೆಣ್ಣುಮಕ್ಕಳು ಚಿಕಿತ್ಸೆಯ ವೇಳೆ ಮತ್ತು ಆನಂತರದ ಕೆಲವು ತಿಂಗಳು ಗರ್ಭ ಧರಿಸುವಂತಿಲ್ಲ. ಹತ್ತು ವರ್ಷಗಳಲ್ಲಿ ರೋಗ ಮರುಕಳಿಸುವ ಪ್ರಮಾಣವೂ ಏರಿತು. ನಿಜವಾದ ತಿರುವು ಬಂದದ್ದು 2010ರಲ್ಲಿ. ಕೊಬ್ಬಿನ ಅತಿಸೂಕ್ಷ್ಮ ಕೋಶಗಳಲ್ಲಿ ಹುದುಗಿಸಿದ ಲಿಪೊಸೋಮಲ್ ಆಂಫೊಟೆರಿಸಿನ್-ಬಿಯನ್ನು, ದೇಹತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಂತೆ ಒಂದೇ ಒಂದು ಸಲ ರಕ್ತನಾಳದೊಳಗೆ ಹರಿಸಿದರೆ ಸಾಕು, ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆಂಬುದನ್ನು ಡಾ. ಶ್ಯಾಮ್ ಸುಂದರ್ ಮತ್ತು ಸಂಗಡಿಗರು ಮುಜಫ್ಫರಪುರದಲ್ಲಿ ತೋರಿಸಿಕೊಟ್ಟರು. ತಿಂಗಳ ಆಸ್ಪತ್ರೆ ವಾಸ ಒಂದು ದಿನಕ್ಕಿಳಿಯಿತು. ಬೆರಳ ತುದಿಯ ಹನಿ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುವ ಆರ್‌ಕೆ-39 ಪರೀಕ್ಷೆ, ಡಿಡಿಟಿಯ ಬದಲಿಗೆ ಬಂದ ಹೊಸ ಕೀಟನಾಶಕ, ಮನೆಮನೆ ತಿರುಗಿ ಜ್ವರದವರನ್ನು ಹುಡುಕಿದ ಆಶಾ ಕಾರ್ಯಕರ್ತೆಯರು, ಇವೆಲ್ಲ ಕೂಡಿದ್ದರಿಂದಲೇ ಇಂದಿನ ಇಳಿಮುಖ ಸಾಧ್ಯವಾಯಿತು. ಈ ಸಾಧನೆಯನ್ನು ಲಘುವಾಗಿ ಕಾಣುವ ಉದ್ದೇಶ ನನಗಿಲ್ಲ.

ಆದರೆ ‘ನಿರ್ಮೂಲನೆ’ ಎಂಬ ಪದವನ್ನು ಬಿಡಿಸಿ ನೋಡಬೇಕು. 2000ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳನ್ನೂ ಕಾಡಿದ್ದ ಆ ರೋಗದಲ್ಲಿ ಗುರಿ ಇದ್ದದ್ದು ಸೊನ್ನೆ, ಮುಟ್ಟಿದ್ದೂ ಸೊನ್ನೆ. ಕಾಲಾ-ಅಜಾರ್‌ನಲ್ಲಿ ಗುರಿ ಸೊನ್ನೆಯಲ್ಲ. ಒಂದು ಬ್ಲಾಕ್‌ನಲ್ಲಿ ವರ್ಷಕ್ಕೆ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಇರಬೇಕು, ಅಷ್ಟೆ. ಅಂದರೆ ಎರಡು ಲಕ್ಷ ಜನಸಂಖ್ಯೆಯ ಬ್ಲಾಕ್ ಒಂದರಲ್ಲಿ ಹತ್ತೊಂಬತ್ತು ಮಂದಿಗೆ ರೋಗ ತಗುಲಿದರೂ ಅಲ್ಲಿ ರೋಗ ‘ನಿರ್ಮೂಲನೆ’ಯಾಗಿದೆ. ಆ ಹತ್ತೊಂಬತ್ತು ಮಂದಿಯೂ ಒಂದೇ ಊರಿನ ಒಂದೇ ಕೇರಿಯವರಾಗಿದ್ದರೂ ಲೆಕ್ಕ ಬದಲಾಗುವುದಿಲ್ಲ. ಸರಾಸರಿ ಎಂಬುದು ಬ್ಲಾಕಿಗೆ ಅನ್ವಯಿಸುತ್ತದೆ. ಮರಳು ನೊಣ ಕೇರಿಯ ಗಡಿಯನ್ನೂ ದಾಟದೆ ತನ್ನ ಕೆಲಸ ಮುಗಿಸುತ್ತದೆ. ಗುರಿಯ ವರ್ಷವೂ ನಮ್ಮಲ್ಲಿ 2010, 2015, 2017, 2020 ಎಂದು ಮುಂದೆ ಮುಂದೆ ಜರುಗಿದ್ದನ್ನು ಮರೆಯುವಂತಿಲ್ಲ. ಮುಟ್ಟಿದ ಮಟ್ಟವನ್ನು ಸತತ ಮೂರು ವರ್ಷ ಕಾಯ್ದುಕೊಂಡರೆ ಪ್ರಮಾಣಪತ್ರಕ್ಕೆ ಅರ್ಹತೆ ದೊರೆಯುತ್ತದೆ. ಪ್ರಮಾಣಪತ್ರ ಕೈಗೆ ಬಂದ ಮರುದಿನ ಏನಾಗುತ್ತದೆ ಎಂಬುದೇ ನನ್ನ ಆತಂಕ.

ಈಗ ಬ್ರಹ್ಮಚಾರಿಯವರ ಮಚ್ಚೆಗಳಿಗೆ ಬರೋಣ. ಕಾಲಾ-ಅಜಾರ್ ವಾಸಿಯಾದ ಭಾರತೀಯ ರೋಗಿಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ, ಕೆಲವು ತಿಂಗಳ ಅಥವಾ ಕೆಲವು ವರ್ಷಗಳ ಬಳಿಕ, ಮುಖ, ತೋಳು, ಬೆನ್ನಿನ ಮೇಲೆ ಬಿಳಿಚಿದ ಮಚ್ಚೆಗಳು ಅಥವಾ ಗಂಟುಗಳು ಕಾಣಿಸಿಕೊಳ್ಳುತ್ತವೆ. ವೈದ್ಯಕೀಯ ಪರಿಭಾಷೆಯಲ್ಲಿ ಇದಕ್ಕೆ ಪಿಕೆಡಿಎಲ್ ಎನ್ನುತ್ತಾರೆ. ಜ್ವರವಿಲ್ಲ, ನೋವಿಲ್ಲ, ತುರಿಕೆಯಿಲ್ಲ. ಕೂಲಿಗೆ ಹೋಗಲು ಅಡ್ಡಿಯಿಲ್ಲ. ಹಾಗಾಗಿ ಆಸ್ಪತ್ರೆಗೆ ಹೋಗುವ ಅಗತ್ಯ ರೋಗಿಗೆ ಕಾಣುವುದಿಲ್ಲ. ಹೋದರೂ ಕುಷ್ಠರೋಗವೆಂದು ತಪ್ಪಾಗಿ ತಿಳಿಯುವ ಸಂಭವ ಹೆಚ್ಚು. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ, ಇದರಲ್ಲಿ ಕುಂದಿರುವುದಿಲ್ಲ ಎಂಬ ಸರಳ ವ್ಯತ್ಯಾಸವನ್ನು ಸಾವಧಾನದಿಂದ ಪರೀಕ್ಷಿಸುವ ಕೈ ಬೇಕು. ಇಂತಹ ರೋಗಿಗಳನ್ನು ಕಚ್ಚಿದ ಮರಳು ನೊಣಗಳು ಪರೋಪಜೀವಿಯನ್ನು ಪಡೆದುಕೊಳ್ಳುತ್ತವೆ ಎಂಬುದು, ಗಂಟುಗಳುಳ್ಳವರಲ್ಲಿ ಈ ಅಪಾಯ ಇನ್ನೂ ಹೆಚ್ಚೆಂಬುದು ಪ್ರಯೋಗಗಳಿಂದ ದೃಢಪಟ್ಟಿದೆ. ಅಂದರೆ ತನಗೆ ಕಾಯಿಲೆಯಿಲ್ಲವೆಂದೇ ತಿಳಿದ ಒಬ್ಬ ಮನುಷ್ಯ ವರ್ಷಗಟ್ಟಲೆ ಊರಿನ ಸೋಂಕಿನ ಕಿಡಿಯನ್ನು ಕಾಪಿಡುತ್ತಾನೆ. 1960ರ ದಶಕದ ಮೌನವನ್ನು ದಾಟಿ ರೋಗ 1970ರ ದಶಕಕ್ಕೆ ಬಂದದ್ದು ಇಂಥವರ ಚರ್ಮದ ಮೂಲಕವೇ ಎಂದು ಬಲ್ಲವರು ನಂಬುತ್ತಾರೆ.

ಇವರ ಚಿಕಿತ್ಸೆಯೂ ಸುಲಭವಲ್ಲ. ಒಳಗಿನ ಕಾಯಿಲೆಗೆ ಒಂದು ದಿನದ ಮದ್ದು ಸಾಕಾದರೆ, ಚರ್ಮದ ಮಚ್ಚೆಗೆ ಹನ್ನೆರಡು ವಾರ ಮಿಲ್ಟೆಫೊಸಿನ್ ನುಂಗಬೇಕು. ದೀರ್ಘಕಾಲದ ಬಳಕೆಯಿಂದ ಕಣ್ಣಿಗೆ ಹಾನಿಯಾದ ವರದಿಗಳೂ ಬಂದಿವೆ. ನೋವಿಲ್ಲದ ಮಚ್ಚೆಗಾಗಿ, ಊರಿನವರ ಹಿತಕ್ಕಾಗಿ, ಮೂರು ತಿಂಗಳು ವಾಂತಿ ತರಿಸುವ ಮಾತ್ರೆ ನುಂಗು ಎಂದು ದಿನಗೂಲಿಯವನಿಗೆ ಹೇಳುವುದು ನೈತಿಕವಾಗಿ ಕೂಡ ತೊಡಕಿನ ಮಾತು. ಅವನ ಸಹಕಾರವನ್ನು ಬಯಸುವ ಸಮಾಜವು ಅವನ ಕೂಲಿನಷ್ಟವನ್ನೂ ಅವನ ಕಣ್ಣಿನ ತಪಾಸಣೆಯನ್ನೂ ತನ್ನ ಹೊಣೆಯೆಂದು ತಿಳಿಯಬೇಕು. ಸರ್ಕಾರ ನೀಡುವ ಪರಿಹಾರಧನ ಈ ದಿಕ್ಕಿನ ಒಂದು ಹೆಜ್ಜೆ, ಅದು ನಿಲ್ಲಬಾರದು.

ಎಚ್‌ಐವಿ ಸೋಂಕಿರುವವರದು ಮತ್ತೊಂದು ಸಮಸ್ಯೆ. ಅವರಲ್ಲಿ ಕಾಲಾ-ಅಜಾರ್ ಪೂರ್ತಿ ವಾಸಿಯಾಗುವುದು ಕಷ್ಟ, ಮತ್ತೆ ಮತ್ತೆ ಮರುಕಳಿಸುತ್ತದೆ. ಒಂದೇ ಔಷಧ ಸಾಲದೆಂದು, ಎರಡು ಔಷಧಗಳ ಜೋಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ಮರುಕಳಿಸಿದ ರೋಗವನ್ನು ಗುರುತಿಸಲು ಹನಿ ರಕ್ತದ ಪರೀಕ್ಷೆ ಪ್ರಯೋಜನಕ್ಕೆ ಬಾರದು. ಗುಣವಾದ ಎಷ್ಟೋ ವರ್ಷಗಳವರೆಗೆ ಅದು ಸೋಂಕಿದೆಯೆಂದೇ ತೋರಿಸುತ್ತಿರುತ್ತದೆ. ಆಗ ಗುಲ್ಮದಿಂದಲೋ ಮೂಳೆಮಜ್ಜೆಯಿಂದಲೋ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರಕ್ತಸ್ರಾವದ ಅಪಾಯವಿರುವ ಈ ಕೆಲಸಕ್ಕೆ ಪಳಗಿದ ಕೈ, ಪಳಗಿದ ಕಣ್ಣು ಎರಡೂ ಬೇಕು. ರೋಗಿಗಳು ಕಡಿಮೆಯಾದಂತೆ ಇಂತಹ ಕೈ-ಕಣ್ಣುಗಳೂ ಕಡಿಮೆಯಾಗುತ್ತವೆ. ನಿರ್ಮೂಲನೆಯ ಯಶಸ್ಸೇ ನಿರ್ಮೂಲನೆಗೆ ಒಡ್ಡುವ ವಿಚಿತ್ರ ಸವಾಲು ಇದು.

ಔಷಧದ ಪೂರೈಕೆಯತ್ತಲೂ ಗಮನ ಹರಿಸಬೇಕು. ಒಂದೇ ದಿನದ ಚಿಕಿತ್ಸೆಯನ್ನು ಸಾಧ್ಯವಾಗಿಸಿದ ಲಿಪೊಸೋಮಲ್ ಆಂಫೊಟೆರಿಸಿನ್, ಅಮೆರಿಕದ ಗಿಲಿಯಡ್ ಕಂಪನಿಯು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಮಾಡಿದ ದಾನದಿಂದ ನಮ್ಮ ಕಾರ್ಯಕ್ರಮಕ್ಕೆ ಒದಗಿದೆ. ದಾನವನ್ನು ಕೃತಜ್ಞತೆಯಿಂದ ಸ್ವೀಕರಿಸೋಣ. ಆದರೆ ಒಂದು ದೇಶದ ರೋಗನಿಯಂತ್ರಣ ದಾನಿಯೊಬ್ಬರ ಇಚ್ಛೆಯ ಮೇಲೆ ನಿಲ್ಲುವುದು ಸಮಂಜಸವಲ್ಲ. 2021ರ ಬೇಸಿಗೆಯನ್ನು ಬೆಂಗಳೂರಿನ ಓದುಗರು ಮರೆತಿರಲಾರರು. ಕೋವಿಡ್ ಎರಡನೆಯ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರ ಸೋಂಕು ಹಬ್ಬಿದಾಗ, ಇದೇ ಔಷಧದ ಒಂದೊಂದು ಸೀಸೆಗಾಗಿ ವಿದ್ಯಾವಂತ, ಅನುಕೂಲವಂತ ಕುಟುಂಬಗಳೂ ಅಂಗಡಿಯಿಂದ ಅಂಗಡಿಗೆ ಅಲೆದವು. ಆ ಕೆಲವು ವಾರಗಳ ಕಂಗಾಲು ಸ್ಥಿತಿ ಬಿಹಾರದ ಬಡವರ ಪಾಲಿಗೆ ದಶಕಗಳ ಅನುಭವ. ಈ ಔಷಧವನ್ನು ತಯಾರಿಸಬಲ್ಲ ಕಾರ್ಖಾನೆಗಳು ನಮ್ಮ ದೇಶದಲ್ಲೇ ಇವೆ. ಕನಿಷ್ಠ ದಾಸ್ತಾನನ್ನಾದರೂ ಸರ್ಕಾರ ತನ್ನ ಹಣದಿಂದ ಖರೀದಿಸಿ ಇಟ್ಟುಕೊಳ್ಳುವುದು ವಿವೇಕದ ಲಕ್ಷಣ.

ಇದು ದೂರದ ಬಿಹಾರದ ವಿಷಯವಲ್ಲವೇ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಮೇಲ್ಸೇತುವೆಗಳನ್ನು, ಮೆಟ್ರೊ ಕಂಬಗಳನ್ನು, ನಾವು ವಾಸಿಸುವ ಅಪಾರ್ಟ್‌ಮೆಂಟುಗಳನ್ನು ಕಟ್ಟಿದ ಕೈಗಳಲ್ಲಿ ಎಷ್ಟೋ ಕೈಗಳು ಇದೇ ಜಿಲ್ಲೆಗಳವು. ಕೆಲವು ವರ್ಷಗಳ ಹಿಂದೆ ಅಂತಹ ಯುವಕನೊಬ್ಬನನ್ನು ನೋಡುವ ಸಂದರ್ಭ ನನಗೆ ಒದಗಿತ್ತು. ಎರಡು ತಿಂಗಳ ಜ್ವರಕ್ಕೆ ಬೇರೆ ಬೇರೆ ಕಡೆಗಳಲ್ಲಿ ಟೈಫಾಯ್ಡ್, ಮಲೇರಿಯಾ ಚಿಕಿತ್ಸೆಗಳು ಮುಗಿದು, ರಕ್ತದ ಕ್ಯಾನ್ಸರ್ ಇರಬಹುದೆಂಬ ಗುಮಾನಿಯ ಮೇಲೆ ಅವನ ಮೂಳೆಮಜ್ಜೆಯನ್ನು ಪರೀಕ್ಷೆಗೆ ಕಳುಹಿಸಲಾಗಿತ್ತು. ಮಜ್ಜೆಯಲ್ಲಿ ಕಂಡದ್ದು ಕ್ಯಾನ್ಸರ್ ಕೋಶಗಳಲ್ಲ, ಲೀಶ್ಮನ್ ನೂರು ವರ್ಷಗಳ ಹಿಂದೆ ವರ್ಣಿಸಿದ ಅದೇ ಕಾಯಗಳು. ಅಷ್ಟರಲ್ಲಿ ಅವನ ಉಳಿತಾಯವೆಲ್ಲ ಕರಗಿತ್ತು. ಊರಿನಲ್ಲಿ ಸಾಲವೂ ಆಗಿತ್ತು. ‘ನಿಮ್ಮ ಊರು ಯಾವುದು?’ ಎಂಬ ಒಂದು ಪ್ರಶ್ನೆಯನ್ನು ಮೊದಲ ವಾರದಲ್ಲೇ ಕೇಳಿದ್ದರೆ ಹನಿ ರಕ್ತದಿಂದ ರೋಗ ಪತ್ತೆಯಾಗುತ್ತಿತ್ತು. ವಲಸೆ ಕಾರ್ಮಿಕರನ್ನು ನೋಡುವ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಪ್ರಶ್ನೆಯೂ ಈ ಪರೀಕ್ಷೆಯೂ ವಾಡಿಕೆಯಾಗಬೇಕು. ರೋಗಿಯ ಮೇಲೆ ಅನುಮಾನದ ಮುದ್ರೆ ಒತ್ತಲು ಅಲ್ಲ, ಅವನ ಜೀವ ಉಳಿಸಲು.

ವ್ಯವಸ್ಥೆ ಕುಸಿದರೆ ಈ ರೋಗ ಏನು ಮಾಡಬಲ್ಲದು ಎಂಬುದಕ್ಕೆ ಆಫ್ರಿಕಾದ ಉದಾಹರಣೆ ಕಣ್ಣ ಮುಂದಿದೆ. ಅಂತರ್ಯುದ್ಧದಲ್ಲಿ ಬೆಂದ ಇಂದಿನ ದಕ್ಷಿಣ ಸುಡಾನಿನ ಮೇಲಿನ ನೈಲ್ ಸೀಮೆಯ ಪಶ್ಚಿಮ ಭಾಗದಲ್ಲಿ, 1984ರಿಂದ 1994ರವರೆಗಿನ ಹತ್ತು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಜನ ಕಾಲಾ-ಅಜಾರ್‌ಗೆ ಬಲಿಯಾದರೆಂದು ಅಂದಾಜಿಸಲಾಗಿದೆ. ಇಂದು ಜಗತ್ತಿನ ಬಹುಪಾಲು ರೋಗಿಗಳು ಇರುವುದು ಪೂರ್ವ ಆಫ್ರಿಕಾದಲ್ಲಿ. ಬಿಹಾರದಲ್ಲಿ ಯುದ್ಧವಿಲ್ಲ ನಿಜ. ಆದರೆ ಬಜೆಟ್ಟಿನ ಒಂದು ಸಾಲನ್ನು ಹೊಡೆದುಹಾಕಿದರೂ ಸಿಂಪಡಣೆ ನಿಲ್ಲುತ್ತದೆ. ಹುದ್ದೆ ಖಾಲಿ ಬಿದ್ದರೂ ಹುಡುಕಾಟ ನಿಲ್ಲುತ್ತದೆ. ಪರೋಪಜೀವಿಗೆ ಕಾರಣ ಯಾವುದಾದರೇನು?

ಕೊನೆಗೆ ಉಳಿಯುವ ರೋಗಿಗಳು ಯಾರು ಎಂಬ ಪ್ರಶ್ನೆಯೇ ಇಲ್ಲಿ ಬಹು ಮುಖ್ಯ. ಬಿಹಾರದ ಮುಸಹರ ಸಮುದಾಯದಂತಹ, ಭೂಮಿಯಿಲ್ಲದ, ಊರ ಹೊರಗಿನ ತಗ್ಗಿನಲ್ಲಿ ಮಣ್ಣಿನ ಗುಡಿಸಲು ಕಟ್ಟಿಕೊಂಡ ಜನರಲ್ಲಿ ಈ ರೋಗದ ಅಪಾಯ ಉಳಿದವರಿಗಿಂತ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಹತ್ತು ಸಾವಿರಕ್ಕೆ ಒಂದು ಎಂಬ ಲೆಕ್ಕದಲ್ಲಿ ಆ ‘ಒಂದು’ ಪದೇ ಪದೇ ಇದೇ ಕೇರಿಗಳಲ್ಲಿ ಹುಟ್ಟುತ್ತಿದ್ದರೆ, ನಾವು ನಿರ್ಮೂಲನೆ ಮಾಡಿದ್ದು ರೋಗವನ್ನಲ್ಲ, ರೋಗವು ನಮ್ಮ ಕಣ್ಣಿಗೆ ಬೀಳುವುದನ್ನು. ಬಿರುಕಿಲ್ಲದ ಗೋಡೆ, ಒಣಗಿದ ನೆಲ, ಕೊಟ್ಟಿಗೆಯಿಂದ ಬೇರ್ಪಟ್ಟ ಮಲಗುವ ಜಾಗ, ಇವು ಯಾವ ಕೀಟನಾಶಕಕ್ಕೂ ಕಡಿಮೆಯಿಲ್ಲದ ಮದ್ದುಗಳು. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯಲ್ಲಿ ರೋಗಪೀಡಿತ ಕೇರಿಗಳಿಗೆ ಆದ್ಯತೆ ಕೊಡುವುದು ಆರೋಗ್ಯ ಇಲಾಖೆಯೊಂದರಿಂದಲೇ ಆಗುವ ಕೆಲಸವಲ್ಲ. ಅದಕ್ಕೆ ಆಡಳಿತದ ಸಮಗ್ರ ದೃಷ್ಟಿ ಬೇಕು.

ಆಗಬೇಕಾದ್ದು ಇಷ್ಟು. ಪ್ರಮಾಣಪತ್ರ ಬಂದ ನಂತರವೂ ಕನಿಷ್ಠ ಒಂದು ದಶಕ ಹುಡುಕಾಟ ಮತ್ತು ಸಿಂಪಡಣೆಯ ಅನುದಾನ ಮುಂದುವರಿಯಬೇಕು. ಕುಷ್ಠರೋಗದ ಸಮೀಕ್ಷೆಗೆ ಮನೆಮನೆಗೆ ಹೋಗುವವರಿಗೇ ಪಿಕೆಡಿಎಲ್ ಮಚ್ಚೆಯನ್ನು ಗುರುತಿಸುವ ತರಬೇತಿ ಸಿಗಬೇಕು. ಪಟ್ನಾದ ರಾಜೇಂದ್ರ ಸ್ಮಾರಕ ಸಂಶೋಧನಾ ಸಂಸ್ಥೆಯಂತಹ ಕೇಂದ್ರಗಳಲ್ಲಿ ಈ ರೋಗದ ಪರಿಣತಿ ಕ್ಷೀಣಿಸದಂತೆ ನೋಡಿಕೊಳ್ಳಬೇಕು. ಅಂಕಿ-ಅಂಶಗಳು ಬ್ಲಾಕ್ ಮಟ್ಟದ ಸರಾಸರಿಯಾಗಿ ಅಲ್ಲ, ಊರು-ಕೇರಿಗಳ ವಿವರದೊಂದಿಗೆ ಸಾರ್ವಜನಿಕವಾಗಿ ದೊರೆಯಬೇಕು. ಇವೆಲ್ಲ ದುಬಾರಿ ಬೇಡಿಕೆಗಳಲ್ಲ. 1977ರಂತಹ ಇನ್ನೊಂದು ವರ್ಷದ ಬೆಲೆಯ ಮುಂದೆ ಇವು ಏನೇನೂ ಅಲ್ಲ.

ಸಾವಿರಾರು ರೋಗಿಗಳಿದ್ದಾಗ ಸರ್ಕಾರ, ಸಂಶೋಧಕರು, ದಾನಿಗಳು ಎಲ್ಲರೂ ಇತ್ತ ನೋಡಿದರು. ಇನ್ನು ಉಳಿದಿರುವುದು ಕೆಲವು ನೂರು ಮಂದಿ. ಅವರಿಗೆ ಮತಬಲವಿಲ್ಲ, ಸುದ್ದಿಯ ಬೆಲೆಯಿಲ್ಲ, ಔಷಧ ಮಾರುವವರಿಗೆ ಅವರಿಂದ ಲಾಭವೂ ಇಲ್ಲ. ಆದರೆ ರೋಗದ ದೃಷ್ಟಿಯಿಂದ ನೋಡಿದರೆ ದೇಶದಲ್ಲಿ ಅವರಷ್ಟು ಮುಖ್ಯರಾದವರು ಬೇರೆ ಯಾರೂ ಇಲ್ಲ. ಕಾಲಾ-ಅಜಾರ್ ಕೊನೆಯಾಗುವುದೋ ಮತ್ತೆ ಮೊದಲಾಗುವುದೋ ಎಂಬುದು ಆ ಕೆಲವು ನೂರು ಮಂದಿಯನ್ನು ನಾವು ಹುಡುಕಿಕೊಂಡು ಹೋಗುತ್ತೇವೆಯೇ ಎಂಬುದರ ಮೇಲೆ ನಿಂತಿದೆ.